ಲ್ಯಾಮಿನೇಟ್ ಆರಿಸುವಾಗ ಬಣ್ಣ ಕೊನೆಗಿರಲಿ

ಬೀರು, ಮೇಜುಗಳ ಹಲಗೆಗೆ ಅಂಟಿಸುವ ಲ್ಯಾಮಿನೇಟ್ ಶೀಟಿನ ಕ್ಯಾಟಲಾಗಿನ ಮುಂದೆ ಕೂತವರಿಗೆಲ್ಲ ಒಂದೇ ಗತಿ. ಮೊದಲ ಹತ್ತು ನಿಮಿಷ ಉತ್ಸಾಹವೋ ಉತ್ಸಾಹ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನಲವತ್ತು ಬಗೆಯ ಕಂದು ಬಣ್ಣಗಳೂ ಒಂದೇ ಥರ ಕಾಣತೊಡಗುತ್ತವೆ. ಒಂದು ಗಂಟೆಯಾದ ಮೇಲೆ ಕಣ್ಣು ಸೋತು, ಪಕ್ಕದಲ್ಲಿ ಕೂತವರು ಯಾವುದರ ಮೇಲೆ ಬೆರಳಿಟ್ಟರೂ ‘ಆಯ್ತು, ಇದೇ ಇರಲಿ’ ಅಂದು ಎದ್ದುಬರುತ್ತೇವೆ. ನಾನು ಹಾಗೆ ಎದ್ದುಬಂದು ಓದುವ ಮೇಜಿಗೆ ಹಾಕಿಸಿದ್ದು ಕನ್ನಡಿಯಂತೆ ಹೊಳೆಯುವ ಕಪ್ಪು ಶೀಟು. ಮೊದಲ ದಿನವೇ ಅದರ ಮೇಲೆ ಹತ್ತೂ ಬೆರಳಿನ ಗುರುತು. ಆರು ತಿಂಗಳಿಗೆ, ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗಲೆಲ್ಲ ಜೇಡರ ಬಲೆಯಂಥ ಸಣ್ಣ ಗೀರುಗಳು. ಕಪ್ಪು ಬಣ್ಣದ್ದಾಗಲೀ ಶೀಟು ಮಾಡಿದವರದ್ದಾಗಲೀ ಏನೂ ತಪ್ಪಿಲ್ಲ. ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದೆ, ಅಷ್ಟೆ.

ಎಲ್ಲಿ ಹಾಕುತ್ತೇವೆ, ಯಾವ ಹಲಗೆಗೆ ಅಂಟಿಸುತ್ತೇವೆ, ಎಷ್ಟು ದಪ್ಪ, ಮೇಲ್ಮೈ ಎಂಥದ್ದು, ಆಮೇಲೆ ಬಣ್ಣ. ಈ ಸಾಲಿನಲ್ಲೇ ಹೋದರೆ ಕ್ಯಾಟಲಾಗಿನ ಮುಕ್ಕಾಲು ಪಾಲು ತಾನಾಗಿಯೇ ಜರಡಿ ಹಿಡಿದು ಹೋಗುತ್ತದೆ. ಉಳಿದ ಹತ್ತು ಹದಿನೈದರಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಆರಿಸಿಕೊಳ್ಳುವುದು ಕಷ್ಟವಲ್ಲ.

1. ಕೈಯಲ್ಲಿರುವುದು ಏನು ಎಂದು ತಿಳಿದುಕೊಳ್ಳಿ

ಇದಕ್ಕೆ ಆಡುಮಾತಿನಲ್ಲಿ ‘ಮೈಕಾ’ ಎನ್ನುವವರು ಬಹಳ. ಮೈಕಾ ಅಂದರೆ ಅಭ್ರಕ, ನಮ್ಮ ಹಳೆಯ ಮಾತಿನಲ್ಲಿ ಕಾಗೆಬಂಗಾರ. ಲ್ಯಾಮಿನೇಟಿನಲ್ಲಿ ಅದರ ಚೂರೂ ಇಲ್ಲ. ಆದರೂ ಹೆಸರಿಗೆ ಒಂದು ಸ್ವಾರಸ್ಯದ ನಂಟಿದೆ. ವಿದ್ಯುತ್ ಯಂತ್ರಗಳಲ್ಲಿ ನಿರೋಧಕವಾಗಿ ಅಭ್ರಕ ಬಳಸುತ್ತಿದ್ದ ಕಾಲದಲ್ಲಿ, ಅಮೆರಿಕದ ಹರ್ಬರ್ಟ್ ಫೇಬರ್ ಮತ್ತು ಡ್ಯಾನಿಯಲ್ ಒಕಾನರ್ ಎಂಬ ಇಬ್ಬರು ಎಂಜಿನಿಯರುಗಳು ರಾಳದಲ್ಲಿ ಅದ್ದಿದ ಪದರಗಳನ್ನು ಒತ್ತಿ ಅದಕ್ಕೆ ಬದಲಿ ವಸ್ತು ಮಾಡಿದರು. 1913ರಲ್ಲಿ ಕಂಪನಿ ಕಟ್ಟಿ ಅದಕ್ಕೆ ಫಾರ್ಮೈಕಾ ಎಂದು ಹೆಸರಿಟ್ಟರು. ‘ಫಾರ್ ಮೈಕಾ’, ಅಂದರೆ ಮೈಕಾಕ್ಕೆ ಬದಲು. ಯಂತ್ರದೊಳಗೆ ಅಡಗಿದ್ದ ವಸ್ತು ಮೇಜಿನ ಮೇಲಕ್ಕೆ ಬಂದದ್ದು ಆಮೇಲೆ.

ಶೀಟಿನ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಮೇಲೆ ತೆಳ್ಳನೆಯ ಬಣ್ಣದ ಗೆರೆ, ಕೆಳಗೆಲ್ಲ ಗಾಢ ಕಂದು. ಆ ಕಂದು ಭಾಗವೆಲ್ಲ ಕ್ರಾಫ್ಟ್ ಕಾಗದ, ಸಾಮಾನು ಕಟ್ಟಿಕೊಡುವ ಕಂದು ಕವರಿನ ಜಾತಿಯದ್ದು. ಅದನ್ನು ಫೀನಾಲಿಕ್ ರಾಳದಲ್ಲಿ ಅದ್ದಿರುತ್ತಾರೆ. ಅದರ ಮೇಲೆ ಚಿತ್ತಾರ ಮುದ್ರಿಸಿದ ಒಂದೇ ಒಂದು ಕಾಗದ, ಇದಕ್ಕೆ ಮೆಲಮೈನ್ ರಾಳ. ಫೀನಾಲಿಕ್ ರಾಳ ಕಪ್ಪಗಿರುವುದರಿಂದ ಅದನ್ನು ಮೇಲೆ ಬಳಸುವಂತಿಲ್ಲ. ಮೆಲಮೈನ್ ನೀರಿನಂತೆ ತಿಳಿ, ಒಣಗಿದರೆ ಗಟ್ಟಿ. ಕೆಲವು ಶೀಟುಗಳಲ್ಲಿ ಚಿತ್ತಾರದ ಮೇಲೆ ಇನ್ನೊಂದು ಪಾರದರ್ಶಕ ಪದರ ಇರುತ್ತದೆ. ಇಷ್ಟನ್ನೂ ಉಕ್ಕಿನ ಫಲಕಗಳ ನಡುವೆ ಇಟ್ಟು, 120 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಬಿಸಿಯಲ್ಲಿ, ಚದರ ಸೆಂಟಿಮೀಟರಿಗೆ ಸುಮಾರು 50 ಕಿಲೋಗೂ ಕಡಿಮೆಯಿಲ್ಲದ ಒತ್ತಡದಲ್ಲಿ ಬೇಯಿಸುತ್ತಾರೆ. ಒಮ್ಮೆ ಬೆಂದರೆ ಮುಗಿಯಿತು. ಸುಟ್ಟ ಇಟ್ಟಿಗೆ ಮತ್ತೆ ಮಣ್ಣಾಗದ ಹಾಗೆ ಅದು ಮತ್ತೆ ಕರಗುವುದಿಲ್ಲ.

ಇಷ್ಟು ಗೊತ್ತಾದರೆ ಮೂರು ವಿಷಯ ಅರ್ಥವಾಗುತ್ತವೆ. ತೂಕದ ಅರ್ಧಕ್ಕಿಂತ ಹೆಚ್ಚು ಕಾಗದವೇ ಆದ್ದರಿಂದ ನೀರಿನ ಭಯ ಮುಖಕ್ಕಿಲ್ಲ, ಅಂಚಿಗಿದೆ. ಚಿತ್ತಾರ ಇರುವುದು ಒಂದೇ ಕಾಗದದ ದಪ್ಪದಲ್ಲಿ, ಹಾಗಾಗಿ ಮರದಂತೆ ಉಪ್ಪುಕಾಗದ ಹಾಕಿ ಉಜ್ಜಿ ಮತ್ತೆ ಪಾಲಿಷ್ ಮಾಡುವ ಮಾತೇ ಇಲ್ಲ. ಮೂರನೆಯದು, ತಿಳಿಬಣ್ಣದ ಶೀಟಿನ ಅಂಚಿನಲ್ಲಿ ಆ ಕಂದು ಗೆರೆ ಇಣುಕುತ್ತದೆ. ಅದನ್ನು ಏನು ಮಾಡಬೇಕೆಂದು ಮುಂದೆ ಹೇಳುತ್ತೇನೆ.

2. ಕಾಗದ, ಪೆನ್ನು ಹಿಡಿದು ಮನೆ ಸುತ್ತಿ

ಯಾವ ಜಾಗಕ್ಕೆ ಲ್ಯಾಮಿನೇಟ್ ಬೇಕೋ ಅದನ್ನೆಲ್ಲ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆಯೂ ಕೆಲವು ಸಣ್ಣ ಪ್ರಶ್ನೆ: ಇದು ಮಲಗಿದೆಯೋ ನಿಂತಿದೆಯೋ? ದಿನಕ್ಕೆ ಎಷ್ಟು ಸಲ ಕೈ ತಾಗುತ್ತದೆ? ನೀರು ಚಿಮ್ಮುತ್ತದೆಯೇ? ಒಲೆಯ ಬಿಸಿ ತಾಗುತ್ತದೆಯೇ? ನೇರ ಬಿಸಿಲು ಬೀಳುತ್ತದೆಯೇ?

ಎಲ್ಲಕ್ಕಿಂತ ಮುಖ್ಯ ಮೊದಲನೆಯದೇ. ಮಲಗಿದ ಮೇಲ್ಮೈ ಮೇಲೆ ವಸ್ತುಗಳನ್ನು ಇಡುತ್ತೇವೆ, ಎಳೆಯುತ್ತೇವೆ, ಒರೆಸುತ್ತೇವೆ. ನಿಂತ ಮೇಲ್ಮೈಯನ್ನು ಬರೀ ಮುಟ್ಟುತ್ತೇವೆ. ಯುರೋಪಿನ ಇಎನ್ 438 ಮಾನದಂಡ ಲ್ಯಾಮಿನೇಟನ್ನು ವಿಂಗಡಿಸುವುದೂ ಹೀಗೆಯೇ. ಶೀಟಿನ ಗುಣಗಳನ್ನು ಪಟ್ಟಿಮಾಡಿ ಕಂಪನಿ ಕೊಡುವ ತಾಂತ್ರಿಕ ಹಾಳೆಯಲ್ಲಿ ‘ಎಚ್‌ಜಿಎಸ್’ ಎಂದಿದ್ದರೆ ಮಲಗಿದ ಮೇಲ್ಮೈಗೆ, ‘ವಿಜಿಎಸ್’ ಎಂದಿದ್ದರೆ ನಿಂತ ಮೇಲ್ಮೈಗೆ. ಕೊನೆಯ ಅಕ್ಷರ ‘ಪಿ’ ಆಗಿದ್ದರೆ ಬಿಸಿಮಾಡಿ ಬಾಗಿಸಬಹುದಾದ ಬಗೆ, ‘ಎಫ್’ ಆಗಿದ್ದರೆ ಬೆಂಕಿಗೆ ಬೇಗ ತುತ್ತಾಗದ ಬಗೆ. ಸವೆತದ ಪರೀಕ್ಷೆಯಲ್ಲಿ ತಿರುಗುವ ಶೀಟಿನ ಮೇಲೆ ಉಜ್ಜುವ ಚಕ್ರಗಳನ್ನು ಹರಿಸುತ್ತಾರೆ. ಎಚ್‌ಜಿಎಸ್ ಶೀಟು ಚಿತ್ತಾರ ಸವೆಯತೊಡಗುವ ಮುನ್ನ ಕನಿಷ್ಠ 150 ಸುತ್ತು ತಾಳಬೇಕು, ವಿಜಿಎಸ್‌ಗೆ 50 ಸಾಕು. ಅಂದರೆ ಬೀರುವಿನ ಬಾಗಿಲಿಗೆಂದೇ ಮಾಡಿದ ಶೀಟನ್ನು ಮೇಜಿಗೆ ಹಾಕಿದರೆ, ಅದರ ಆಯುಸ್ಸನ್ನು ನಾವೇ ಮೂರನೇ ಒಂದಕ್ಕೆ ಇಳಿಸಿದ ಹಾಗೆ. ಈ ಹಾಳೆಯನ್ನು ಕೇಳಿ ಪಡೆಯಿರಿ. ‘ಎಲ್ಲಾ ಒಂದೇ’ ಎಂದು ಉತ್ತರ ಬಂದರೆ ಬೇರೆ ಕಡೆ ವಿಚಾರಿಸಿ.

3. ಹಲಗೆ, ದಪ್ಪ, ಮತ್ತೆ ಯಾರೂ ನೋಡದ ಒಳಮೈ

ಲ್ಯಾಮಿನೇಟ್ ಬರೀ ಚರ್ಮ. ಮೈ ಹಲಗೆಯದ್ದು. ಸಿಂಕಿನ ಸುತ್ತಮುತ್ತ, ಬಚ್ಚಲಿನ ಹತ್ತಿರ ನೀರು ತಡೆಯುವ ದರ್ಜೆಯ ಪ್ಲೈವುಡ್ಡೇ ಬೇಕು. ಒಣಗಿದ ಕೋಣೆಯ ಬಾಗಿಲುಗಳಿಗೆ ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಚೆನ್ನಾಗಿ ಹೊಂದುತ್ತದೆ, ಅದರ ಮೈ ನುಣುಪು. ಮರದ ಚೂರುಗಳನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಹಗುರ, ಅಗ್ಗ. ಆದರೆ ಅಂಚಿನಿಂದ ಒಮ್ಮೆ ನೀರು ಒಳಹೊಕ್ಕರೆ ಊದಿಕೊಂಡದ್ದು ಮತ್ತೆ ಇಳಿಯುವುದಿಲ್ಲ. ಎಂಥ ದುಬಾರಿ ಶೀಟು ಅಂಟಿಸಿದರೂ ಕೆಟ್ಟ ಹಲಗೆ ಉಳಿಯದು. ಹಣ ಸಾಲದೆ ಬಂದರೆ ಶೀಟಿನಲ್ಲಿ ಒಂದು ದರ್ಜೆ ಇಳಿಯಿರಿ, ಹಲಗೆಯಲ್ಲಿ ಇಳಿಯಬೇಡಿ ಎನ್ನುವವನು ನಾನು.

ಮನೆಯ ಕೆಲಸಕ್ಕೆ ಸಾಮಾನ್ಯವಾಗಿ ಸಿಗುವ ಶೀಟು 0.6 ರಿಂದ 1.5 ಮಿ.ಮೀ. ದಪ್ಪ. ಹೊರಮೈಗೆ 1 ಮಿ.ಮೀ., ಒಳಮೈಗೆ 0.6 ಅಥವಾ 0.8. ಇದು ಬಡಗಿಗಳ ರೂಢಿ. ತೆಳು ಶೀಟಿನ ತೊಂದರೆ ಬೇಗ ಮುರಿಯುವುದಷ್ಟೇ ಅಲ್ಲ, ಹಲಗೆಯ ಮೇಲಿನ ಉಬ್ಬುತಗ್ಗೆಲ್ಲ ಅದರ ಮೂಲಕ ಮೇಲೆದ್ದು ಕಾಣುತ್ತದೆ. ಹೊಳಪಿನ ಶೀಟಾದರಂತೂ ಕೇಳುವುದೇ ಬೇಡ. ಅಂಚಿಗೆ ಕ್ಯಾಲಿಪರ್ ಹಿಡಿದು ಅಳೆಯುವುದರಲ್ಲಿ ನಾಚಿಕೆಯೇನೂ ಇಲ್ಲ. 1 ಮಿ.ಮೀ. ಎಂದು ಮಾರಿದ ಶೀಟು 0.9 ತೋರಿಸಿದರೆ ಜಗಳ ತೆಗೆಯಬೇಡಿ, ಅಷ್ಟು ಹೆಚ್ಚುಕಡಿಮೆಗೆ ಮಾನದಂಡದಲ್ಲೇ ಅವಕಾಶವಿದೆ. 0.8 ತೋರಿಸಿದರೆ ಮಾತಾಡಿ.

ಇನ್ನು ಒಳಮೈ. ನಮ್ಮ ಬೀರುವಿನ ಬಾಗಿಲು ಮಾಡುವಾಗ ಬಡಗಿ ಕೇಳಿದ್ದ, “ಸರ್, ಒಳಗಡೆ ಯಾರು ನೋಡ್ತಾರೆ? ಪೇಂಟ್ ಹೊಡೆದ್ರೆ ಸಾಕಲ್ವಾ?” ಮಾತು ನ್ಯಾಯವಾಗಿಯೇ ಇದೆಯಲ್ಲ ಎಂದು ನಾನೂ ತಲೆಯಾಡಿಸಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎರಡು ಬಾಗಿಲುಗಳು ಬಿಲ್ಲಿನಂತೆ ಬಾಗಿದ್ದವು. ಮೇಲೆ ಮುಚ್ಚಿದರೆ ಕೆಳಗೆ ಬಾಯಿ ತೆರೆಯುವುದು, ಕೆಳಗೆ ಒತ್ತಿದರೆ ಮೇಲೆ. ಹಿಂಜಸ್ ಎಷ್ಟು ತಿರುಗಿಸಿದರೂ ಪ್ರಯೋಜನವಾಗಲಿಲ್ಲ. ಕಾರಣ ಸರಳ: ಗಾಳಿಯ ತೇವ ಹೆಚ್ಚಿದಾಗ ಹಲಗೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದು ಮುಖಕ್ಕೆ ಲ್ಯಾಮಿನೇಟ್ ಅಂಟಿದ್ದರೆ ಆ ಕಡೆ ತೇವ ಸುಲಭವಾಗಿ ಒಳಹೋಗದು, ಇನ್ನೊಂದು ಕಡೆ ಹೋಗುತ್ತದೆ. ಎರಡು ಮುಖಗಳ ನಡುವಿನ ಎಳೆದಾಟದಲ್ಲಿ ಬಾಗಿಲು ಬಾಗುತ್ತದೆ. ಪೇಂಟು ಆ ಎಳೆತಕ್ಕೆ ಎದುರು ನಿಲ್ಲುವಷ್ಟು ಗಟ್ಟಿಯಲ್ಲ.

ಹಾಗಾಗಿ ಬಾಗಿಲಾಗಲಿ, ಬಿಡಿಯಾಗಿ ನಿಲ್ಲುವ ಹಲಗೆಯಾಗಲಿ, ಎರಡೂ ಮುಖಕ್ಕೆ ಲ್ಯಾಮಿನೇಟ್ ಬೇಕು. ಒಳಗೆ ಸಾದಾ ‘ಲೈನರ್’ ಶೀಟು ಸಾಕು. ಗಿಡ್ಡ ಬಾಗಿಲಿಗೆ ಹೊರಗೆ 1, ಒಳಗೆ 0.8 ನಡೆಯುತ್ತದೆ, ಎರಡು ಮೀಟರ್ ದಾಟಿದ ಬಾಗಿಲಿಗೆ ಎರಡೂ ಕಡೆ ಒಂದೇ ದಪ್ಪ ಇರಲಿ ಎಂದು ಹಟ ಹಿಡಿಯಿರಿ. ಬಡಗಿಗಳೂ ಮರೆಯುವ ಇನ್ನೊಂದು ಸಂಗತಿಯಿದೆ. ಕಾಗದದ ನಾರುಗಳು ಹೆಚ್ಚಾಗಿ ಶೀಟಿನ ಉದ್ದಕ್ಕೆ ಮಲಗಿರುತ್ತವೆ, ಅದರಿಂದ ಶೀಟು ಉದ್ದಕ್ಕಿಂತ ಅಗಲಕ್ಕೆ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಉಳಿದ ತುಂಡು ಸುಮ್ಮನೆ ಹಾಳಾಗದಿರಲಿ ಎಂದು ಒಳಗಿನ ಶೀಟನ್ನು ಅಡ್ಡ ತಿರುಗಿಸಿ ಅಂಟಿಸಿದರೆ, ಎರಡೂ ಕಡೆ ಶೀಟಿದ್ದೂ ಬಾಗಿಲು ತಿರುಚಿಕೊಳ್ಳುತ್ತದೆ. ಶೀಟಿನ ಹಿಂಬದಿಯ ಉಜ್ಜಿದ ಗೆರೆಗಳು ಉದ್ದಕ್ಕೇ ಓಡುತ್ತವೆ. ಅದನ್ನು ನೋಡಿ ಎರಡೂ ಕಡೆ ಒಂದೇ ದಿಕ್ಕು ಇರುವಂತೆ ಮಾಡಿಸಿ.

ಅಂಗಡಿಯಲ್ಲಿ ಲ್ಯಾಮಿನೇಟಿನ ಸೋದರಸಂಬಂಧಿಗಳೂ ಎದುರಾಗುತ್ತವೆ. ಪ್ರಿಲ್ಯಾಮಿನೇಟೆಡ್ ಬೋರ್ಡಿನಲ್ಲಿ ಚಿತ್ತಾರದ ಕಾಗದವನ್ನು ನೇರವಾಗಿ ಹಲಗೆಗೇ ಒತ್ತಿರುತ್ತಾರೆ, ಕೆಳಗೆ ಕಂದು ಪದರಗಳಿರುವುದಿಲ್ಲ. ಒಳಗಿನ ಅರೆಗಳಿಗೆ ಒಳ್ಳೆಯದು, ಏಟು ಬೀಳುವ ಜಾಗಕ್ಕಲ್ಲ. ಪಿವಿಸಿ ಹಾಳೆ ಬಿಸಿಗೆ ಮೆತ್ತಗಾಗುವ ಜಾತಿ, ಒಲೆಯ ಪಕ್ಕ ಬೇಡ. ಅಕ್ರಿಲಿಕ್ಕಿನ ಹೊಳಪಿಗೆ ಸಾಟಿಯಿಲ್ಲ, ಗೀರಿಗೂ ಅಷ್ಟೇ ಬೇಗ ತುತ್ತು. ಆದರೆ ಪಾಲಿಷ್ ಮಾಡಿ ಸಣ್ಣ ಗೀರು ತೆಗೆಯಬಹುದು. 2 ಮಿ.ಮೀ. ಮತ್ತು ಅದಕ್ಕೂ ದಪ್ಪದ ಕಾಂಪ್ಯಾಕ್ಟ್ ಲ್ಯಾಮಿನೇಟ್ ಸಾಕಷ್ಟು ದಪ್ಪವಿದ್ದರೆ ಹಲಗೆಯ ಹಂಗಿಲ್ಲದೆ ತಾನೇ ನಿಲ್ಲುತ್ತದೆ, ನೀರಿಗೂ ಜಗ್ಗುವುದಿಲ್ಲ. ದುಡ್ಡೂ ಹಾಗೇ ಕೇಳುತ್ತದೆ.

4. ಮೇಲ್ಮೈಯನ್ನು ಬೆರಳಿಗೆ ಒಪ್ಪಿಸಿ

ಫಿನಿಶ್ ಆರಿಸುವಾಗ ಕಣ್ಣಿಗಿಂತ ಬೆರಳು ಹೆಚ್ಚು ನಂಬಿಕಸ್ಥ. ಸ್ಯಾಂಪಲ್ ಕೈಗೆ ಬಂದೊಡನೆ ಹೆಬ್ಬೆರಳು ಒತ್ತಿ ಎತ್ತಿ. ಗುರುತು ಉಳಿಯಿತೇ? ಅಂಗಿಯ ತುದಿಯಿಂದ ಒಂದು ಸಲ ಒರೆಸಿದರೆ ಹೋಗುತ್ತದೆಯೋ, ಇನ್ನಷ್ಟು ಹರಡುತ್ತದೆಯೋ? ಉಗುರಿನಿಂದ ಎಳೆಯಿರಿ. ಆಮೇಲೆ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಅಂಗಡಿಯ ಹಳೆಯ ಸ್ಯಾಂಪಲ್ಲುಗಳು ಇದಕ್ಕೆ ವರದಾನ. ನೂರಾರು ಜನರ ಕೈ ದಾಟಿ ಬಂದ ತುಂಡು, ಆ ಶೀಟು ನಿಮ್ಮ ಮನೆಯಲ್ಲಿ ಮುಂದೆ ಹೇಗೆ ಕಾಣಲಿದೆ ಎಂಬುದನ್ನು ಈಗಲೇ ತೋರಿಸುತ್ತದೆ. ಹೊಸದನ್ನು ತೆಗೆದುಕೊಡಲು ಬಂದರೂ ಹಳೆಯದನ್ನೇ ಕೇಳಿ.

ಗ್ಲಾಸಿ ಶೀಟು ಕತ್ತಲ ಕೋಣೆಗೆ ಬೆಳಕು ತರುತ್ತದೆ, ಚಿಕ್ಕ ಜಾಗವನ್ನು ದೊಡ್ಡದಾಗಿ ತೋರಿಸುತ್ತದೆ. ಅದರ ಜಾಗ ಎತ್ತರದಲ್ಲಿ, ಕೈ ಹೆಚ್ಚು ತಾಗದಲ್ಲಿ. ಹ್ಯಾಂಡಲ್ ಇಲ್ಲದ ಬಾಗಿಲಿಗೆ ಗ್ಲಾಸಿ ಹಾಕಿಸುವವರು ಬಟ್ಟೆಯನ್ನೂ ಕೈಯಲ್ಲೇ ಹಿಡಿದಿರಬೇಕು. ಮಲಗಿದ ಮೇಲ್ಮೈಗೆ ಗ್ಲಾಸಿ, ಅದರಲ್ಲೂ ಗಾಢವಾದ ಒಂದೇ ಬಣ್ಣದ್ದು ಬೇಡವೇ ಬೇಡ. ಇದನ್ನು ನನ್ನ ಮೇಜಿನ ಮೇಲೆ ಕೈಯಿಟ್ಟು ಹೇಳುತ್ತಿದ್ದೇನೆ. ಮನೆಯ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಮರಳಿನಲ್ಲಿ ಸ್ಫಟಿಕಶಿಲೆ. ಅದು ಗಾಜನ್ನೇ ಗೀರುವಷ್ಟು ಗಟ್ಟಿ, ಮೆಲಮೈನ್ ಯಾವ ಲೆಕ್ಕ? ಒಣಬಟ್ಟೆಯಿಂದ ಧೂಳು ಒರೆಸಿದಾಗಲೆಲ್ಲ ನಾವೇ ಸಣ್ಣಗೆ ಉಪ್ಪುಕಾಗದ ಉಜ್ಜಿದ ಹಾಗೆ. ಆ ಗೀರು ತಿಳಿಬಣ್ಣದ ಮ್ಯಾಟ್ ಮೇಲೂ ಬೀಳುತ್ತದೆ, ಕಾಣುವುದಿಲ್ಲ ಅಷ್ಟೆ.

ಸ್ಯೂಡ್ ಎಂದು ಕರೆಯುವ ಸಾದಾ ಮ್ಯಾಟ್ ಮೈ ಎಲ್ಲ ಕಡೆಗೂ ಹೊಂದುವ ಸಾಧುಪ್ರಾಣಿ. ಏನೂ ತೋಚದಿದ್ದರೆ ಅದನ್ನೇ ಹಾಕಿಸಿ. ಟೆಕ್ಸ್ಚರ್ ಶೀಟಿನಲ್ಲಿ ಮರದ ನಾರಿನ ಹಾಗೆ ಗೆರೆಗಳಿರುತ್ತವೆ; ಆ ಗೆರೆ ಮುದ್ರಿಸಿದ ಚಿತ್ತಾರದ ಗೆರೆಗೆ ಸರಿಯಾಗಿ ಕೂತಿದ್ದರೆ ಅದು ಸಿಂಕ್ರನೈಸ್ಡ್ ಬಗೆ, ಮುಟ್ಟಿದರೂ ಮರವೇ ಎನ್ನಿಸುತ್ತದೆ. ಹಾಲಿಗೂ ಮಲಗುವ ಕೋಣೆಗೂ ಚೆಂದ. ಅಡುಗೆಮನೆಯಲ್ಲಿ ಮಾತ್ರ ಆಳವಾದ ಗೆರೆಗಳಿಗೆ ಎಣ್ಣೆಜಿಡ್ಡು ಕೂತು, ಅದರ ಮೇಲೆ ಧೂಳು ಕೂತು, ಕೊನೆಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕಾಗುತ್ತದೆ.

ಈಚೆಗೆ ಬಂದಿರುವುದು ಬೆರಳಚ್ಚು ಹಿಡಿಯದ ಸೂಪರ್ ಮ್ಯಾಟ್. ಮುಟ್ಟಿದರೆ ಮಖಮಲ್ಲು. ಗಾಢ ಬಣ್ಣವೇ ಬೇಕು, ಹೊಳಪು ಬೇಡ ಎನ್ನುವವರಿಗೆ ಇದು ಸರಿ. ಇದರಲ್ಲಿ ಕೆಲವು ಬಗೆಗಳ ಮೇಲಿನ ತೀರಾ ಸಣ್ಣ ಗೀರುಗಳನ್ನು ಬಿಸಿ ಕೊಟ್ಟು ಮಾಯಿಸಬಹುದು. ಆದರೆ ಒರಟು ಸ್ಪಂಜಿನಿಂದ ಒಂದೇ ಕಡೆ ತಿಕ್ಕಿದರೆ ಅಲ್ಲೊಂದು ಹೊಳೆಯುವ ಮಚ್ಚೆ ಉಳಿದುಬಿಡಬಹುದು, ಅದನ್ನು ಮತ್ತೆ ಮ್ಯಾಟ್ ಮಾಡುವ ಉಪಾಯ ಇಲ್ಲ.

5. ಈಗ ಬಣ್ಣ

ಇಷ್ಟು ಹೊತ್ತಿಗೆ ಪಟ್ಟಿ ಚಿಕ್ಕದಾಗಿರುತ್ತದೆ. ಉಳಿದ ಸ್ಯಾಂಪಲ್ಲುಗಳನ್ನು ಮನೆಗೆ ತನ್ನಿ. ಅಂಗಡಿಯಲ್ಲಿ ಬಣ್ಣ ತೀರ್ಮಾನಿಸಬೇಡಿ, ಅಲ್ಲಿಯ ಬೆಳಕು ಅಲ್ಲಿಯದು. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಅಂಗಡಿಯ ಬಿಳಿ ಬೆಳಕು ಹೆಚ್ಚಾಗಿ 6500ರ ಆಸುಪಾಸಿನದು, ಮನೆಯ ಹಳದಿ ಬಲ್ಬು 2700 ರಿಂದ 3000. ಅಲ್ಲಿ ತಣ್ಣಗೆ ಬೂದಿಯಾಗಿ ಕಂಡದ್ದು ಇಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಇನ್ನೂ ವಿಚಿತ್ರವೆಂದರೆ, ಒಂದು ಬೆಳಕಿನಲ್ಲಿ ಪೂರಾ ಒಂದೇ ಎನ್ನಿಸಿದ ಎರಡು ಶೀಟು ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗಿ ಎದ್ದು ಕಾಣಬಹುದು. ಒಂದು ಕಂಪನಿಯ ಶೀಟಿಗೆ ಇನ್ನೊಂದರ ಎಡ್ಜ್ ಬ್ಯಾಂಡ್, ಅಂದರೆ ಹಲಗೆಯ ಅಂಚು ಮುಚ್ಚುವ ಪಟ್ಟಿ, ಹೊಂದಿಸುವವರು ಇದನ್ನು ಮರೆಯಬಾರದು.

ಬಾಗಿಲಿಗೆ ಬೇಕಾದ ಸ್ಯಾಂಪಲ್ ಅನ್ನು ನಿಲ್ಲಿಸಿ ನೋಡಿ, ಮೇಜಿನದನ್ನು ಮಲಗಿಸಿ ನೋಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ. ಪಕ್ಕದಲ್ಲಿ ನೆಲದ ಬಣ್ಣವೂ ಗೋಡೆಯ ಬಣ್ಣವೂ ಇರಲಿ. ಅಂಗೈಯಗಲ ತುಂಡಿನಲ್ಲಿ ಮೃದುವಾಗಿ ಕಂಡ ಬಣ್ಣ ಇಡೀ ಗೋಡೆಗೆ ಹರಡಿದಾಗ ಜೋರಾಗುತ್ತದೆ, ಆದ್ದರಿಂದ ಎರಡು ಛಾಯೆಗಳ ನಡುವೆ ಮನಸ್ಸು ಹೊಯ್ದಾಡಿದರೆ ಸೌಮ್ಯವಾದದ್ದನ್ನೇ ಹಿಡಿಯಿರಿ.

ಮರದ ಅಥವಾ ಅಮೃತಶಿಲೆಯ ಚಿತ್ತಾರವಾದರೆ ಪೂರ್ತಿ ಶೀಟು ನೋಡದೆ ಒಪ್ಪಬೇಡಿ. ಸ್ಯಾಂಪಲ್ ತುಂಡಿನಲ್ಲಿ ನೇರ ಗೆರೆಯಷ್ಟೇ ಇರಬಹುದು, ಶೀಟಿನ ನಡುವೆ ತಲೆಯಷ್ಟು ದೊಡ್ಡ ಗಂಟಿನ ಗುರುತು ಇರಬಹುದು. ಅದಕ್ಕಿಂತಲೂ ಇರಿಸುಮುರಿಸು, ಸಾಲಾಗಿ ನಿಂತ ನಾಲ್ಕು ಬಾಗಿಲುಗಳ ಮೇಲೆ ಅದೇ ಗಂಟು, ಅದೇ ಎತ್ತರದಲ್ಲಿ. ಒಮ್ಮೆ ಕಣ್ಣಿಗೆ ಬಿತ್ತೆಂದರೆ ಆಮೇಲೆ ಬೇರೇನೂ ಕಾಣುವುದಿಲ್ಲ.

6. ಕಪಾಟಿನ ಅಳತೆ ಹಾಕುವ ಮುನ್ನ ಶೀಟಿನ ಅಳತೆ

ಹೆಚ್ಚು ಬಳಕೆಯಲ್ಲಿರುವ ಶೀಟು 8 ಅಡಿಗೆ 4 ಅಡಿ, ಮಿಲಿಮೀಟರಿನಲ್ಲಿ 2440ಕ್ಕೆ 1220. ಬಾಗಿಲಿನ ಅಳತೆಯನ್ನು ಇದಕ್ಕೆ ಹೊಂದಿಸಿಕೊಳ್ಳದಿದ್ದರೆ ದುಡ್ಡು ಕಸದಬುಟ್ಟಿಗೆ ಹೋಗುತ್ತದೆ.

ಒಂದು ಲೆಕ್ಕ ಹಾಕೋಣ. ಬೀರುವಿಗೆ ನಾಲ್ಕು ಬಾಗಿಲು, ಎತ್ತರ 2100, ಅಗಲ ತಲಾ 600. ಅಂಟಿಸಿದ ಮೇಲೆ ಅಂಚು ಸವರಲೆಂದು ಶೀಟನ್ನು ಪ್ರತಿ ಬದಿಗೂ 3 ಮಿ.ಮೀ. ಹೆಚ್ಚಿಗೆ ಕತ್ತರಿಸುತ್ತಾರೆ ಎಂದುಕೊಳ್ಳಿ. ಒಂದು ತುಂಡು 606, ಎರಡಕ್ಕೆ 1212, ಗರಗಸ ತಿನ್ನುವ 3 ಸೇರಿ 1215. ಶೀಟಿನ 1220ರೊಳಗೆ ಕೂತಿತು. ಎರಡು ಶೀಟಿಗೆ ನಾಲ್ಕು ಬಾಗಿಲು. ಈಗ ಗೋಡೆಯಲ್ಲಿ ಸ್ವಲ್ಪ ಜಾಗ ಉಳಿಯಿತೆಂದು ಬಾಗಿಲನ್ನು 620 ಮಾಡಿಸಿದಿರಿ. ಒಂದು ಶೀಟಿನಿಂದ ಒಂದೇ ಬಾಗಿಲು. ನಾಲ್ಕು ಬಾಗಿಲಿಗೆ ನಾಲ್ಕು ಶೀಟು! ಬಾಗಿಲಿಗೆ 20 ಮಿ.ಮೀ. ಹೆಚ್ಚಿಸಿಕೊಂಡದ್ದಕ್ಕೆ ಖರ್ಚು ಇಮ್ಮಡಿ. ಒಳಮೈ ಶೀಟಿಗೂ ಇದೇ ಕತೆ. ಆ ಉಳಿದ ಜಾಗಕ್ಕೆ ಬದಿಯಲ್ಲೊಂದು ಪಟ್ಟಿ ಕೊಟ್ಟಿದ್ದರೆ ಮುಗಿಯುತ್ತಿತ್ತು.

ನಾರಿನ ದಿಕ್ಕನ್ನೂ ಇಲ್ಲೇ ತೀರ್ಮಾನಿಸಿ. ಉದ್ದದ ಬಾಗಿಲಿಗೆ ಮರದ ಗೆರೆ ಅಡ್ಡಡ್ಡ ಬೇಕೆಂದರೆ ಶೀಟನ್ನು ಅಡ್ಡ ಹಾಕಬೇಕು. ಆಗ 1220ಕ್ಕಿಂತ ಎತ್ತರದ ಬಾಗಿಲಿಗೆ ನಡುವೆ ಜೋಡಣೆ ಬಂದೇ ಬರುತ್ತದೆ. ಡ್ರಾಯರುಗಳ ಸಾಲಿದ್ದರೆ ಮುಂಭಾಗಗಳನ್ನೆಲ್ಲ ಒಂದೇ ಪಟ್ಟಿಯಿಂದ ಕತ್ತರಿಸಿ, ಹಿಂದೆ 1, 2, 3 ಎಂದು ಬರೆಸಿ. ಹಾಗೆ ಜೋಡಿಸಿದಾಗ ಗೆರೆ ಮೇಲಿನಿಂದ ಕೆಳಗೆ ಹರಿದುಬರುತ್ತದೆ. ಬರೆಯದಿದ್ದರೆ ಸಾಲು ಅದಲುಬದಲಾಗುವುದು ಖಂಡಿತ.

ಎಲ್ಲ ಶೀಟನ್ನೂ ಒಟ್ಟಿಗೆ, ಒಂದೇ ಬ್ಯಾಚಿನದ್ದೇ ತರಿಸಿ. ಅದೇ ಕೋಡ್ ನಂಬರಿನ ಶೀಟು ಬೇರೆ ಬ್ಯಾಚಿನಲ್ಲಿ ಛಾಯೆ ಬದಲಿಸಬಹುದು. ದೊಡ್ಡ ಕೆಲಸವಾದರೆ ಒಂದು ಶೀಟು ಹೆಚ್ಚಿಗೆ ಇರಲಿ.

7. ಅಂಚು, ಗೋಂದು, ಮೂಲೆ

ಲ್ಯಾಮಿನೇಟ್ ಸಾಯುವುದು ಅಂಚಿನಿಂದ. ಕೈಗೆ, ಕಾಲಿಗೆ, ಪೊರಕೆಗೆ ತಾಗುವ ಬಾಗಿಲಿನ ಅಂಚಿಗೆ 2 ಮಿ.ಮೀ. ಎಡ್ಜ್ ಬ್ಯಾಂಡ್, ಒಳಗಿನ ಅರೆಗಳಿಗೆ 0.8 ಸಾಕು. ಯಂತ್ರದಲ್ಲಿ ಬಿಸಿಗೋಂದು ಹಾಕಿ ಒತ್ತಿದ್ದು ಕೈಯಲ್ಲಿ ಅಂಟಿಸಿದ್ದಕ್ಕಿಂತ ಬಾಳುತ್ತದೆ. ಸಿಂಕು, ಒಲೆಯ ಹತ್ತಿರದ ಬಾಗಿಲುಗಳಿಗೆ ಪಿಯುಆರ್ ಎಂಬ ಗೋಂದು ಬಳಸಲು ಹೇಳಿ, ಬಿಸಿಗೂ ತೇವಕ್ಕೂ ಅದು ಸಾಮಾನ್ಯ ಬಿಸಿಗೋಂದಿಗಿಂತ ಗಟ್ಟಿ. ಕಾಣದ ಅಂಚುಗಳನ್ನೂ ಬಿಡಬೇಡಿ. ಬಾಗಿಲಿನ ಕೆಳ ಅಂಚು, ಹಿಂಬದಿಯ ಅಂಚು ಎಲ್ಲವನ್ನೂ ಮುಚ್ಚಿಸಿ. ನೀರು ಒಳಹೋಗುವುದಕ್ಕೂ, ಹಲಗೆಯ ಗೋಂದಿನ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲ ಹೊರಬರುವುದಕ್ಕೂ ಅದೇ ದಾರಿ. ಹಲಗೆ ಕೊಳ್ಳುವಾಗ, ಆ ಅನಿಲ ಕಡಿಮೆ ಸೂಸುತ್ತದೆ ಎಂದು ಹೇಳುವ ಇ1 ಗುರುತು ಇದೆಯೇ ಎಂದು ನೋಡಿಕೊಂಡಿದ್ದರೆ ಆ ಚಿಂತೆ ಇನ್ನಷ್ಟು ಕಡಿಮೆ.

ಕಂದು ಗೆರೆಯ ಮಾತು ಬಾಕಿಯಿತ್ತಲ್ಲ. ತಿಳಿಬಣ್ಣದ ಬಾಗಿಲಿನಲ್ಲಿ ಎಡ್ಜ್ ಬ್ಯಾಂಡ್ ಮತ್ತು ಶೀಟು ಸೇರುವಲ್ಲಿ ಪೆನ್ಸಿಲಿನಿಂದ ಎಳೆದಂತೆ ಅದು ಕಾಣುತ್ತದೆ. ಮೊದಲು ಶೀಟು ಅಂಟಿಸಿ, ಆಮೇಲೆ ಶೀಟಿನ ದಪ್ಪವೂ ಮುಚ್ಚುವಂತೆ ಬ್ಯಾಂಡ್ ಹಾಕಿ, ಅಂಚನ್ನು ತೀರಾ ಇಳಿಜಾರಾಗಿ ಕೆತ್ತದಿದ್ದರೆ ಗೆರೆ ಬಹುಮಟ್ಟಿಗೆ ಮರೆಯಾಗುತ್ತದೆ. ಪೂರ್ತಿ ದಪ್ಪಕ್ಕೂ ಒಂದೇ ಬಣ್ಣವಿರುವ ಶೀಟುಗಳೂ ಸಿಗುತ್ತವೆ, ಆದರೆ ದುಬಾರಿ. ಎಲ್ಲ ಕಡೆ ಹಾಕಿಸುವ ಅಗತ್ಯ ನನಗೆ ಕಂಡಿಲ್ಲ.

ಅಂಟಿಸುವ ಎರಡು ಮೂರು ದಿನ ಮೊದಲೇ ಶೀಟನ್ನೂ ಹಲಗೆಯನ್ನೂ ಒಂದೇ ಕೋಣೆಯಲ್ಲಿಡಿಸಿ. ಎರಡೂ ಅಲ್ಲಿಯ ಹವೆಗೆ ಒಗ್ಗಿಕೊಳ್ಳಲಿ. ಬಿಳಿ ಗೋಂದಾದರೆ ಒಣಗುವ ತನಕ ಮೇಲೆ ಒತ್ತಡ ಬೇಕು. ನಾಲ್ಕು ಇಟ್ಟಿಗೆ ಹೇರಿದರೆ ಒತ್ತಡವಾಗುವುದಿಲ್ಲ, ಇಡೀ ಹಲಗೆಗೆ ಸಮನಾಗಿ ಬೀಳಬೇಕು. ರಬ್ಬರ್ ಜಾತಿಯ ಗೋಂದಾದರೆ ಎರಡೂ ಮುಖಕ್ಕೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂಡಿಸಿ, ರೋಲರನ್ನು ನಡುವಿನಿಂದ ಅಂಚಿಗೆ ಹರಿಸಬೇಕು. ಅಂಚಿನಿಂದ ನಡುವಿಗೆ ಹರಿಸಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಸಿಂಕಿಗೋ ಒಲೆಗೋ ಕೌಂಟರ್ ಹಲಗೆಯಲ್ಲಿ ಕಿಂಡಿ ಕೊರೆಯುವಾಗ ಮಾತ್ರ ಪಕ್ಕದಲ್ಲೇ ನಿಂತಿರಿ. ಗರಗಸ ನೇರ ಬಂದು ಮೂಲೆಯಲ್ಲಿ ಲಂಬವಾಗಿ ತಿರುಗಿದರೆ ಕಣ್ಣಿಗೆ ಬಹಳ ಚೊಕ್ಕ. ಕೆಲವು ತಿಂಗಳ ನಂತರ ಅದೇ ಮೂಲೆಯಿಂದ ಕೂದಲೆಳೆಯಷ್ಟು ಬಿರುಕು ಹೊರಟು ಓರೆಯಾಗಿ ಬೆಳೆಯುತ್ತದೆ, ಏಕೆಂದರೆ ಶೀಟು ಹಿಗ್ಗಿ ಕುಗ್ಗುವ ಬಲವೆಲ್ಲ ಆ ಚೂಪು ಮೂಲೆಯಲ್ಲೇ ಸೇರುತ್ತದೆ. ಮೊದಲು ನಾಲ್ಕು ಮೂಲೆಗೂ ಡ್ರಿಲ್ಲಿನಿಂದ ತೂತು ಹಾಕಿ, ತೂತಿನಿಂದ ತೂತಿಗೆ ಗರಗಸ ಓಡಿಸಬೇಕು. ಮೂಲೆಯ ದುಂಡಗೆ ಕನಿಷ್ಠ 3 ಮಿ.ಮೀ. ತ್ರಿಜ್ಯ ಇರಲಿ, ಹೆಚ್ಚಿದ್ದರೆ ಒಳ್ಳೆಯದು. ಕೊರೆದ ಹಸಿ ಅಂಚಿಗೆ ಸಿಂಕು ಕೂರಿಸುವ ಮೊದಲೇ ಸಿಲಿಕೋನ್ ಅಥವಾ ಎಪಾಕ್ಸಿ ಹಚ್ಚಿಸಿ. ಸಿಂಕು ಕೂತ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

8. ಕೆಲಸ ಮುಗಿದ ಮೇಲೆ

ಶೀಟಿನ ಮೇಲಿನ ಪ್ಲಾಸ್ಟಿಕ್ ಪೊರೆಯನ್ನು ಹೊಸತನ ಉಳಿಯಲೆಂದು ತಿಂಗಳುಗಟ್ಟಲೆ ಹಾಗೇ ಬಿಡುವವರಿದ್ದಾರೆ. ಬಿಸಿಲು ಬೀಳುವ ಕಡೆ ಅದರ ಗೋಂದು ಗಟ್ಟಿಯಾಗಿ ಕೊನೆಗೆ ಉಗುರಿಗೂ ಬರದಂತಾಗುತ್ತದೆ. ಕೆಲಸ ಮುಗಿದ ಕೂಡಲೇ ಕಿತ್ತುಬಿಡಿ.

ದಿನದ ಶುಚಿಗೆ ಒದ್ದೆಬಟ್ಟೆ, ಬೇಕೆನಿಸಿದರೆ ನಾಲ್ಕು ಹನಿ ಮೃದು ಸೋಪಿನ ನೀರು, ಆಮೇಲೆ ಒಣಬಟ್ಟೆ. ಪಾತ್ರೆ ತಿಕ್ಕುವ ಪುಡಿ, ಸ್ಟೀಲ್ ಉಣ್ಣೆ, ಟಾಯ್ಲೆಟ್ ತೊಳೆಯುವ ಆಮ್ಲ, ಬ್ಲೀಚು ಹತ್ತಿರ ಸುಳಿಯಬಾರದು. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಡಬೇಡಿ, ಇಸ್ತ್ರಿಪೆಟ್ಟಿಗೆಯನ್ನೂ. ಚಾಕುವಿಗೆ ಬೇರೆ ಹಲಗೆಯಿರಲಿ.

ಉಳಿದ ತುಂಡುಗಳಲ್ಲಿ ಪ್ರತಿ ಚಿತ್ತಾರಕ್ಕೂ ಒಂದೊಂದು ದೊಡ್ಡ ತುಂಡನ್ನು ಎತ್ತಿಡಿ. ಹಿಂದೆ ಮಾರ್ಕರಿನಲ್ಲಿ ಕಂಪನಿ, ಕೋಡ್ ನಂಬರು, ಫಿನಿಶ್, ಬ್ಯಾಚು, ಕೊಂಡ ತಿಂಗಳು ಬರೆದು, ಜೊತೆಗೆ ಎಡ್ಜ್ ಬ್ಯಾಂಡಿನ ಒಂದು ಸುರುಳಿ ಕಟ್ಟಿ, ಬೀರುವಿನ ಹಿಂದೆ ನಿಲ್ಲಿಸಿ. ನಮ್ಮ ಬಾಗಿದ ಬಾಗಿಲುಗಳನ್ನು ಮತ್ತೆ ಮಾಡಿಸುವಾಗ ಆ ಚಿತ್ತಾರ ಕ್ಯಾಟಲಾಗಿನಿಂದಲೇ ಮಾಯವಾಗಿತ್ತು. ಕೋಡ್ ಯಾರಿಗೂ ನೆನಪಿರಲಿಲ್ಲ. ಬೀರುವಿನ ಎರಡು ಬಾಗಿಲು ಈಗಲೂ ಉಳಿದೆರಡಕ್ಕಿಂತ ಒಂದು ಕೂದಲಷ್ಟು ಕೆಂಪಗಿವೆ.